ಸಾಗರದ ಮಹಿಳಾ ಉದ್ಯಮ ತರಬೇತಿ: ಕ್ಲಾಸಿಗೆ ಎರಡು ಸ್ಟಾರ್, ಮೆಂಟರಕ್ಕನಿಗೆ ಐದು

ಹೋಗಬೇಕಾ ಬೇಡವಾ ಅಂತ ಕೇಳಿದವರಿಗೆಲ್ಲ ವಾಟ್ಸಾಪಿನಲ್ಲಿ ಒಂದೊಂದೇ ಉತ್ತರ ಕೊಟ್ಟು ಸಾಕಾಯಿತು. ಅದಕ್ಕೆ ಒಟ್ಟಿಗೇ ಬರೆದುಬಿಡುತ್ತೇನೆ. ಸಾಗರದಲ್ಲಿ ಹೆಂಗಸರ ಸಣ್ಣ ವ್ಯಾಪಾರಕ್ಕೆ ಅಂತಲೇ ಒಂದು ಸಂಸ್ಥೆ ನಡೆಸುವ ತರಬೇತಿ ಇದು. ಮೊದಲು ಕ್ಲಾಸು, ಆಮೇಲೆ ಆರು ತಿಂಗಳು ಜೊತೆಗಿದ್ದು ದಾರಿ ಹೇಳುವ ಒಬ್ಬರು ಮೆಂಟರ್. ಫೀಸು ಸಾವಿರ ರೂಪಾಯಿ, ಮಧ್ಯಾಹ್ನದ ಊಟ ಅವರದ್ದೇ. ಸಂಸ್ಥೆಯ ಹೆಸರನ್ನು ಬೇಕೆಂದೇ ಹಾಕಿಲ್ಲ. ಬೈದ ಭಾಗವನ್ನು ಮಾತ್ರ ಕತ್ತರಿಸಿ ಗ್ರೂಪಿಗೆ ಹಾಕುವವರು ನಮ್ಮಲ್ಲಿ ಕಡಿಮೆ ಇಲ್ಲ. ಈ ಕಡೆಯವರಿಗೆ ಯಾವುದು ಅಂತ ಹೇಗೂ ಗೊತ್ತಾಗುತ್ತದೆ.

ನಾನು ರಿಪ್ಪನ್‌ಪೇಟೆ ಕಡೆಯವಳು. ಸಾರಿನ ಪುಡಿ, ಸಾಂಬಾರ್ ಪುಡಿ, ಸೀಸನ್ನಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಹಾಗಾಗಿ ಊಟ ತಿಂಡಿಯ ವ್ಯಾಪಾರದವರ ಕಣ್ಣಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಹೊಲಿಗೆ, ಬ್ಯೂಟಿ ಪಾರ್ಲರ್‌ನವರು ಕೂಡ ಬ್ಯಾಚಿನಲ್ಲಿ ಇದ್ದರು, ಅವರಿಗೆ ನಮ್ಮಷ್ಟು ಉಪಯೋಗ ಆಗಲಿಲ್ಲ ಅಂತ ಅವರೇ ಹೇಳಿದರು.

ಮೊದಲು ಗೊಣಗಾಟ. ಉದ್ಘಾಟನೆಗೇ ಅರ್ಧ ದಿನ ಹೋಯಿತು. ದೀಪ, ಹಾರ, ಶಾಲು, ಮೈಕಿನಲ್ಲಿ ಒಬ್ಬರಾದ ಮೇಲೆ ಒಬ್ಬರು. ಮನೆಯಲ್ಲಿ ದನ ಕರೆದು, ಮಕ್ಕಳಿಗೆ ತಿಂಡಿ ಕಟ್ಟಿಕೊಟ್ಟು, ಬೆಳಗಿನ ಬಸ್ಸು ಹಿಡಿದು ಬಂದವರನ್ನು ಕೂರಿಸಿಕೊಂಡು "ಮಹಿಳೆ ಮನಸ್ಸು ಮಾಡಿದರೆ ಏನು ಬೇಕಾದರೂ ಸಾಧಿಸಬಹುದು" ಅಂತ ಭಾಷಣ ಮಾಡುವವರಿಗೆ, ಅವರ ಎದುರಿಗೆ ಕೂತವರು ಆಗಲೇ ಎಷ್ಟು ಕೆಲಸ ಮುಗಿಸಿ ಬಂದಿದ್ದಾರೆ ಅನ್ನೋ ಅಂದಾಜು ಬೇಡವಾ? ಆಮೇಲಿನ ಕ್ಲಾಸುಗಳಲ್ಲಿ ಲಿಜ್ಜತ್ ಪಾಪಡ್ ಕಥೆ. 1959ರಲ್ಲಿ ಮುಂಬೈಯಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರುಮಾಡಿದ್ದು ನಿಜ, ದೊಡ್ಡ ವಿಷಯವೇ. ಆದರೆ ಬಂದ ಪ್ರತಿಯೊಬ್ಬ ಸರ್ ಅದನ್ನೇ ಹೇಳಿದರೆ ಹೇಗೆ? ಕೊನೆಕೊನೆಗೆ ಅವರು "1959" ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನವರು "80 ರೂಪಾಯಿ" ಅಂತಿದ್ದರು.

ಪರದೆಯ ಮೇಲೆ ಹಾಕಿದ್ದೆಲ್ಲ ಇಂಗ್ಲಿಷು. ಹೇಳುವವರು ಕನ್ನಡದಲ್ಲೇ ಹೇಳುತ್ತಾರೆ, ಸರಿ. ಆದರೆ ನೋಟ್ಸ್ ಬರೆದುಕೊಳ್ಳಿ ಅಂದಾಗ ಅರ್ಧ ಜನ ಪಕ್ಕದವರ ಪುಸ್ತಕ ನೋಡುತ್ತಿದ್ದರು. ಇನ್‌ಸ್ಟಾಗ್ರಾಂ ರೀಲ್ಸ್ ಮಾಡುವುದನ್ನೂ ಕಲಿಸಿದರು. ಕಲಿಸಿದ ಹುಡುಗ ಚುರುಕಾಗಿದ್ದ, ಪಾಪ. ನಮ್ಮಲ್ಲಿ ಕೆಲವರ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು ಅನ್ನುವುದು ಮಾತ್ರ ಅವನ ಪಾಠದಲ್ಲಿ ಇರಲಿಲ್ಲ.

ಒಂದು ದಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಗೆ ಕರೆದುಕೊಂಡು ಹೋದರು, ಚರಕ ಅನ್ನುವ ಸಂಘ ನೋಡಲು. ಕೈಮಗ್ಗ, ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಕೊಡುವುದು, ಹಳ್ಳಿಯ ಹೆಂಗಸರೇ ಸೇರಿ ನಡೆಸುವ ಸಹಕಾರ ಸಂಘ. ನಮ್ಮ ಮನೆಯಲ್ಲಿ ಚೊಗರು ಬಟ್ಟೆಗೆ ತಾಗಿದರೆ ಹಾಳಾಯಿತು ಅಂತ ಬೈಯುತ್ತೇವೆ, ಅಲ್ಲಿ ಅದೇ ಬಣ್ಣಕ್ಕೆ ಜನ ದುಡ್ಡು ಕೊಡುತ್ತಾರೆ! ಇದೇ ಸಂಘ 2020ರಲ್ಲಿ ಬಟ್ಟೆ ಮಾರಾಟವಾಗದೆ ದೊಡ್ಡ ಕಷ್ಟಕ್ಕೆ ಸಿಕ್ಕಿತ್ತು. ಸರಕು ಉಳಿದರೆ ಏನು ಮಾಡುವುದು, ದುಡ್ಡು ಕಟ್ಟಿಬಿದ್ದರೆ ಏನು ಮಾಡುವುದು ಅನ್ನುವ ಪಾಠವನ್ನು ಅಲ್ಲೇ ಮಾಡಬಹುದಿತ್ತು. ಮಾಡಲಿಲ್ಲ. ಫೋಟೊ ತೆಗೆಸಿಕೊಂಡು ಬಂದೆವು.

ಕ್ಲಾಸಿನಲ್ಲಿ ಚೆನ್ನಾಗಿದ್ದದ್ದು ಲೈಸೆನ್ಸು, ಲೇಬಲ್ಲಿನ ದಿನ. ಮನೆಯಲ್ಲಿ ಮಾಡಿ ಮಾರುವವರೂ ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಲೇಬೇಕು, ಸಣ್ಣ ವ್ಯಾಪಾರಕ್ಕೆ ಅದರ ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಇದೇ ಕೆಲಸಕ್ಕೆ ಪೇಟೆಯ ಏಜೆಂಟರು ಸಾವಿರಗಟ್ಟಲೆ ಕೇಳುತ್ತಾರೆ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ಅದಕ್ಕೂ ದುಡ್ಡು ಕೊಟ್ಟವರು ನಮ್ಮ ಬ್ಯಾಚಿನಲ್ಲೇ ಇದ್ದರು. ಲೇಬಲ್ ಮೇಲೆ 14 ಅಂಕಿಯ ಆ ಎಫ್‌ಎಸ್‌ಎಸ್‌ಎಐ ನಂಬರ್, ಹಸಿರು ಚುಕ್ಕೆ, ತೂಕ, ಎಂಆರ್‌ಪಿ, ಬ್ಯಾಚ್ ನಂಬರ್, ತಯಾರಿಸಿದ ದಿನ, ಎಲ್ಲಿಯವರೆಗೆ ತಿನ್ನಬಹುದು, ಏನೇನು ಹಾಕಿದ್ದೀರಿ ಅನ್ನುವುದೆಲ್ಲ ಇರಬೇಕು. ಅದೂ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಇದನ್ನು ಹೇಳಿಕೊಟ್ಟ ಮೇಡಂ ಎಲ್ಲರ ಪೊಟ್ಟಣವನ್ನೂ ಮೇಜಿನ ಮೇಲೆ ಇಡಿಸಿ, ಒಂದೊಂದನ್ನೇ ಎತ್ತಿ, ಏನಿಲ್ಲ ಅಂತ ಉಳಿದವರಿಂದಲೇ ಹೇಳಿಸಿದರು. ಯಾರೂ ನಿದ್ದೆ ಮಾಡದ ಕ್ಲಾಸು ಅದೊಂದೇ.

ಸಾಲ, ಸಬ್ಸಿಡಿಯ ವಿಷಯಕ್ಕೆ ಬಂದರೆ ಹುಷಾರು. "ಪಿಎಂಎಫ್‌ಎಂಇಯಲ್ಲಿ (ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಸಾಲ-ಸಬ್ಸಿಡಿ ಯೋಜನೆ) ಅರ್ಧ ದುಡ್ಡು ಸರ್ಕಾರವೇ ಕೊಡುತ್ತದೆ" ಅಂತ ಒಬ್ಬರು ಹೇಳಿ ಹೋದರು. ಕೇಳಿದವರ ಕಣ್ಣು ಅರಳಿದ್ದೇ ಅರಳಿದ್ದು. ಆಗಿನ ಲೆಕ್ಕ ಸುಳ್ಳಲ್ಲ. ಕೇಂದ್ರದ್ದು ಶೇ 35, ನಮ್ಮ ರಾಜ್ಯ ಮೇಲಿಂದ ಶೇ 15 ಸೇರಿಸುತ್ತಿತ್ತು. ಆದರೆ ಅದು ಕೈಗೆ ಬರುವ ದುಡ್ಡಲ್ಲ. ಮೊದಲು ಬ್ಯಾಂಕು ಸಾಲ ಒಪ್ಪಬೇಕು, ನಾವು ಶೇ 10 ಆದರೂ ಕೈಯಿಂದ ಹಾಕಬೇಕು, ಸಬ್ಸಿಡಿ ಬ್ಯಾಂಕಿನಲ್ಲೇ ಕೂತಿರುತ್ತದೆ. ಮೂರು ವರ್ಷ ಸರಿಯಾಗಿ ಕಂತು ಕಟ್ಟಿ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ವಜಾ. ಇಷ್ಟನ್ನು ಹೇಳದೆ "ಅರ್ಧ ಫ್ರೀ" ಅಂದರೆ ಯಾರಾದರೂ ದೊಡ್ಡ ಮಷಿನ್ ತೆಗೆದುಕೊಂಡು ಕೂರುತ್ತಾರೆ. ಸ್ವಸಹಾಯ ಸಂಘದಲ್ಲಿ ಇರುವವರಿಗೆ ಅದೇ ಯೋಜನೆಯಲ್ಲಿ ಒಬ್ಬೊಬ್ಬರಿಗೆ 40,000 ರೂಪಾಯಿವರೆಗೆ ಮೂಲ ಬಂಡವಾಳ ಸಿಗುತ್ತಿತ್ತು. ನಮ್ಮಂಥವರಿಗೆ ಹೆಚ್ಚು ಬೇಕಾಗಿದ್ದದ್ದು ಅದು, ಅದನ್ನೇ ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಅಂದಹಾಗೆ ಆ ಯೋಜನೆಯಲ್ಲಿ ಜಿಲ್ಲೆಗೊಂದು ಬೆಳೆ ಅಂತ ಆರಿಸಿದ್ದರು, ನಮ್ಮ ಶಿವಮೊಗ್ಗ ಜಿಲ್ಲೆಯದ್ದು ಅನಾನಸ್. ಅನಾನಸ್ ಇಲ್ಲದವರಿಗೆ ಸಿಗುವುದಿಲ್ಲ ಅಂತ ಒಬ್ಬರು ಎದ್ದೇ ಹೋಗುತ್ತಿದ್ದರು, ಬೇರೆ ತಿಂಡಿ ಮಾಡುವವರೂ ಅರ್ಜಿ ಹಾಕಬಹುದು ಅಂತ ಹೇಳಿ ಕೂರಿಸಬೇಕಾಯಿತು.

ಈಗ ಮೆಂಟರ್ ವಿಷಯ. ನಾವೆಲ್ಲ ಮೆಂಟರಕ್ಕ ಅಂತಲೇ ಕರೆಯುವುದು. ಇವರು ಕೋಟು ಹಾಕಿಕೊಂಡು ಬರುವವರಲ್ಲ. ಸ್ವತಃ ವರ್ಷಗಟ್ಟಲೆ ತಿಂಡಿ ವ್ಯಾಪಾರ ಮಾಡಿದವರು, ಈಗ ಮಗಳು ನೋಡಿಕೊಳ್ಳುತ್ತಾಳಂತೆ. ಕ್ಲಾಸು ಮುಗಿದ ಮೇಲೆ ಮನೆಗೇ ಬರುತ್ತಾರೆ. ಬಂದವರು ಜಗಲಿಯಲ್ಲಿ ಕೂರುವುದಿಲ್ಲ, ನೇರ ಅಡುಗೆಮನೆಗೆ.

ನಮ್ಮ ಬ್ಯಾಚಿನ ಒಬ್ಬರು ಹಲಸಿನ ಹಪ್ಪಳ ಮಾಡುತ್ತಾರೆ. ಅವರ ಮನೆಗೆ ಮೆಂಟರಕ್ಕ ಹೋದಾಗ ನಾನೂ ಜೊತೆಗಿದ್ದೆ. ಹಪ್ಪಳ ನೂರಕ್ಕೆ 250 ರೂಪಾಯಿಯಂತೆ ಮಾರುತ್ತಿದ್ದರು. ಚೆನ್ನಾಗಿ ಬಿಕರಿಯಾಗುತ್ತಿತ್ತು, ಲಾಭವಿದೆ ಅಂತಲೇ ಅವರ ನಂಬಿಕೆ. ಮೆಂಟರಕ್ಕ ಒಂದು ಹಾಳೆ ತೆಗೆದು ಖರ್ಚು ಹೇಳಿ ಅಂದರು. ಮೆಣಸು, ಉಪ್ಪು, ಕೊತ್ತಂಬರಿ, ಪ್ಲಾಸ್ಟಿಕ್ ಕವರ್. ಅಲ್ಲಿಗೆ ಮುಗಿಯಿತು.

"ಹಲಸಿನಕಾಯಿ?"

"ಮನೆ ಮರದ್ದಲ್ವಾ."

"ಸೌದೆ?"

"ತೋಟದ್ದೇ."

"ನಿಮ್ಮ ಕೂಲಿ?"

"ಅಯ್ಯ, ಮನೆಯವಳಿಗೆ ಎಂತ ಕೂಲಿ ಮಾರಾಯ್ತಿ!"

ಆಗ ಅವರು ಬೈಯಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಕಡೆದು, ಒತ್ತಿ, ಒಣಗಿಸಲು ಹರಡುವಷ್ಟರಲ್ಲಿ ಎಷ್ಟು ಜನ, ಎಷ್ಟು ಹೊತ್ತು ಅಂತ ಕೇಳಿದರು. ಇವರು, ಅತ್ತೆ, ಓರಗಿತ್ತಿ, ಮೂವರಿಗೆ ಇಡೀ ದಿನ, ಆಗುವುದು 300 ಹಪ್ಪಳ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ, ಅದಕ್ಕಿಂತ ಕಡಿಮೆ ನಿಮಗೆ ನೀವು ಕೊಟ್ಟುಕೊಳ್ಳಬೇಡಿ ಅಂದರು. ಮೂವರಿಗೆ 1,110. ಮುನ್ನೂರು ಹಪ್ಪಳಕ್ಕೆ ಹಂಚಿದರೆ ಒಂದಕ್ಕೆ 3 ರೂಪಾಯಿ 70 ಪೈಸೆ. ಮಾರುತ್ತಿದ್ದದ್ದು ಎರಡೂವರೆಗೆ. ಮೆಣಸು, ಕವರು, ಬಸ್ ಚಾರ್ಜು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಡುಗೆಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತಿದ್ದ ಅತ್ತೆ, "ಹಂಗಾರೆ ಇಷ್ಟು ವರ್ಷ ನಾನು ಧರ್ಮಕ್ಕೆ ಒತ್ತಿದ್ದಾ?" ಅಂದರು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ, ಕೊನೆಗೆ ಅವರೇ ನಕ್ಕರು.

ಬೆಲೆ ಏರಿಸಿ ಅಂತ ಹೇಳಿ ಹೋಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಊರಿನ ಅಂಗಡಿಯವನು 250ರ ಮೇಲೆ ಒಂದು ರೂಪಾಯಿ ಕೊಡಲು ತಯಾರಿಲ್ಲ, ಇದು ಮೆಂಟರಕ್ಕನಿಗೂ ಗೊತ್ತು. ಊರಿನ ಮಾಲನ್ನು ಕಡಿಮೆ ಮಾಡಿ, 25ರ ಪೊಟ್ಟಣ ಮಾಡಿ, ಲೇಬಲ್ ಹಾಕಿ, ಬೆಂಗಳೂರಿನಲ್ಲಿರುವ ನಮ್ಮ ಕಡೆಯವರಿಗೆ ಕಳಿಸಿ ಅಂದರು. ಒಂದು ಪೊಟ್ಟಣಕ್ಕೆ 140, ಕೊರಿಯರ್ ಬೇರೆ. ಬೇಯಿಸಿದ ಸೊಳೆ ಕಡೆಯಲು ಗ್ರೈಂಡರ್ ಹಾಕಿದರೆ ಒಬ್ಬರ ಅರ್ಧ ದಿನ ಉಳಿಯುತ್ತದೆ ಅನ್ನುವ ಲೆಕ್ಕವನ್ನೂ ಅಲ್ಲೇ ಬರೆದು ತೋರಿಸಿದರು. ಈಗ ಅವರ ವ್ಯಾಪಾರ ಹಿಂದಿಗಿಂತ ದೊಡ್ಡದೇನೂ ಆಗಿಲ್ಲ, ಮಾಡುವ ಹಪ್ಪಳ ಕಡಿಮೆಯೇ ಆಗಿದೆ. ಆದರೆ ಅತ್ತೆಗೆ, ಓರಗಿತ್ತಿಗೆ ಕೂಲಿ ಕೊಡುತ್ತಾರೆ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು! ಊರಿನ ಅಂಗಡಿಯವನು ಮುಖ ಊದಿಸಿಕೊಂಡಿದ್ದಾನೆ, ಅದು ಬೇರೆ ಮಾತು.

ನನಗೆ ಉಪಯೋಗವಾದದ್ದು ಬೇರೆ ರೀತಿಯದು. ಅಪ್ಪೆಮಿಡಿಯ ವ್ಯಾಪಾರ ಮಾಡುವವರಿಗೆ ಗೊತ್ತು, ಮಿಡಿಯನ್ನು ಎಣಿಸಿ ನೂರರ ಲೆಕ್ಕದಲ್ಲಿ ದುಡ್ಡು ಕೊಟ್ಟು ಬೇಸಿಗೆ ಶುರುವಿನಲ್ಲೇ ತೆಗೆದುಕೊಳ್ಳಬೇಕು, ಉಪ್ಪಿನಲ್ಲಿ ಹಾಕಿ, ಖಾರ ಬೆರೆಸಿ, ಬಾಟಲಿ ತುಂಬಿ ಮಾರುವಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ. ಗೃಹಲಕ್ಷ್ಮಿಯ ಎರಡು ಸಾವಿರವನ್ನು ಕೂಡಿಟ್ಟು ಮಿಡಿ ತೆಗೆದುಕೊಳ್ಳುವವರು ಬಹಳ ಜನ. ಮೆಂಟರಕ್ಕ ಯಾವ ತಿಂಗಳು ದುಡ್ಡು ಹೋಗುತ್ತದೆ, ಯಾವ ತಿಂಗಳು ಬರುತ್ತದೆ ಅಂತ ಕ್ಯಾಲೆಂಡರಿನ ಮೇಲೇ ಗುರುತು ಹಾಕಿಸಿದರು. ಜೊತೆಗೆ ಮನೆ ಖರ್ಚಿನ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ. ಉದ್ರಿಗೆ ಒಂದು ಪುಸ್ತಕ. ನೆಂಟರಿಗೆ ಸುಮ್ನೆ ಕೊಟ್ಟ ಬಾಟಲಿಯನ್ನೂ ಅದರಲ್ಲಿ ಬರೆಯಬೇಕಂತೆ. ಬರೆದು ನೋಡಿ, ಯಾರ ಮನೆಗೆ ಎಷ್ಟು ಹೋಗಿದೆ ಅಂತ ತಿಳಿದ ಮೇಲೆ ಮದುವೆ ಮುಂಜಿಯಲ್ಲಿ ಸಿಕ್ಕಾಗ ಅವರ ಮುಖ ಬೇರೆಯೇ ಕಾಣುತ್ತದೆ.

ಕೊರತೆ ಇಲ್ಲ ಅಂತಲ್ಲ. ಇಷ್ಟು ಜನರಿಗೆ ಮೆಂಟರ್‌ಗಳು ಸಾಲುವುದಿಲ್ಲ. ಫೋನ್ ಮಾಡಿದರೆ ಎತ್ತುತ್ತಾರೆ, ಆದರೆ ಮನೆಗೆ ಬರುವುದು ತಡವಾಗುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಪಾರ್ಲರ್‌ನವರಿಗೆ, ಹೊಲಿಗೆಯವರಿಗೆ ಅವರವರ ಕೆಲಸ ಗೊತ್ತಿರುವ ಮೆಂಟರ್ ಇಲ್ಲ. ಆರು ತಿಂಗಳಾದ ಕೂಡಲೇ ಸಂಸ್ಥೆಯ ಕಡೆಯಿಂದ ಎಲ್ಲ ಬಂದ್. ವರ್ಷಕ್ಕೊಮ್ಮೆ ಬರುವ ಬೆಳೆ ಮೇಲೆ ನಿಂತಿರುವ ವ್ಯಾಪಾರಕ್ಕೆ ಆರು ತಿಂಗಳು ಯಾವ ಲೆಕ್ಕ? ಒಂದು ಸೀಸನ್ ಪೂರ್ತಿ ನೋಡಬೇಡವಾ?

ಬ್ಯಾಚ್ ಇಟ್ಟ ಸಮಯವೂ ಸರಿಯಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಇಟ್ಟರು. ಆಗ ನಮ್ಮ ಕಡೆ ಹೆಂಗಸರಿಗೆ ಅಡಿಕೆ ಸುಲಿಯುವ ಕೆಲಸ, ವರ್ಷದಲ್ಲಿ ಕೈಗೆ ಒಂದಿಷ್ಟು ದುಡ್ಡು ಬರುವ ಕಾಲವೇ ಅದು. ಸುಲಿಯಲು ಹೋಗುವ ಯಾರೂ ಸೇರಲಿಲ್ಲ. ಇಂಥ ತರಬೇತಿ ನಿಜವಾಗಿ ಬೇಕಾದವರು ಅವರೇ ಅಲ್ವಾ? ಬಸ್ಸಿನದ್ದೂ ಒಂದು ತಕರಾರು. ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಫ್ರೀ ಅಂತ ಫಾರಂ ಕೊಡುವಾಗಲೇ ಹೇಳುತ್ತಾರೆ. ಅದು ಸರ್ಕಾರಿ ಬಸ್ಸಿಗೆ ಸ್ವಾಮಿ. ನಮ್ಮ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು, ಹೋಗಿ ಬರುವ ಚಾರ್ಜು ಕೈಯಿಂದಲೇ.

ಸರ್ಕಾರದ್ದೇ ಉಚಿತ ತರಬೇತಿ ಇರುವಾಗ ಸಾವಿರ ಯಾಕೆ ಕೊಡಬೇಕು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ ಆರ್‌ಸೆಟಿ ಜಿಲ್ಲೆ ಜಿಲ್ಲೆಯಲ್ಲೂ ಇದೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ನೋಡಿಯೇ ದೇಶಕ್ಕೆಲ್ಲ ಮಾಡಿದ್ದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮುಗಿದ ಮೇಲೆ ಎರಡು ವರ್ಷ ವಿಚಾರಿಸಿಕೊಳ್ಳುವ ನಿಯಮವೂ ಇದೆ. ಮನೆ ಬಿಟ್ಟು ಅಲ್ಲೇ ಉಳಿಯಲು ಆಗುವವರು, ಹೊಸದಾಗಿ ಕಸುಬು ಕಲಿಯಬೇಕಾದವರು, ಕಣ್ಣು ಮುಚ್ಚಿ ಅಲ್ಲಿಗೆ ಹೋಗಿ. ದನ ಕರೆಯುವವರು ಬೇರೆ ಯಾರೂ ಇಲ್ಲದ ಮನೆಯವರಿಗೆ ಉಳಿಯುವುದು ಆಗದ ಮಾತು. ಸಾಗರದ್ದಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದು, ಜೊತೆಗೆ ಮೆಂಟರ್ ಅಡುಗೆಮನೆಗೆ ಬರುತ್ತಾರೆ. ಆಗಲೇ ವ್ಯಾಪಾರ ಮಾಡುತ್ತಿದ್ದು ಲೆಕ್ಕ ಮಾತ್ರ ಹಿಡಿತಕ್ಕೆ ಸಿಗದವರಿಗೆ ಇದು ಸರಿ. ಸರ್ಟಿಫಿಕೇಟ್ ತೋರಿಸಿದರೆ ಬ್ಯಾಂಕಿನವರು ಸಾಲ ಕೊಡುತ್ತಾರೆ ಅಂತ ಸೇರುವವರಿಗೆ ಅಲ್ಲ. ಬ್ಯಾಂಕಿನಲ್ಲಿ ಕೊಟೇಶನ್ ಕೇಳುತ್ತಾರೆ, ಸಿಬಿಲ್ (ಹಳೇ ಸಾಲ ಹೇಗೆ ತೀರಿಸಿದ್ದೀರಿ ಅನ್ನುವ ದಾಖಲೆ) ನೋಡುತ್ತಾರೆ, ಸರ್ಟಿಫಿಕೇಟನ್ನು ಫೈಲಿನ ಕೊನೆಗೆ ಸಿಕ್ಕಿಸುತ್ತಾರೆ.

ಒಟ್ಟಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಫಾರಂ ಜೊತೆ ಆಧಾರ್, ಪಾಸ್‌ಬುಕ್ ನಕಲು, ಎರಡು ಫೋಟೊ ಬೇಕು. ಸೇರುವಾಗಲೇ ತಿಂಡಿ ವ್ಯಾಪಾರದ ಮೆಂಟರೇ ಬೇಕು ಅಂತ ಬರೆದುಕೊಡಿ, ಇಲ್ಲದಿದ್ದರೆ ಯಾರು ಬಿಡುವಾಗಿದ್ದಾರೋ ಅವರನ್ನು ಹಾಕುತ್ತಾರೆ. ಮಕ್ಕಳನ್ನು ಕರೆದುಕೊಂಡು ಬರಬಹುದಾ ಅಂತ ಕೇಳಿದರೆ "ನೋಡೋಣ" ಅನ್ನುತ್ತಾರೆ. ಕರೆದುಕೊಂಡೇ ಹೋಗಿ, ಯಾರೂ ಏನೂ ಅನ್ನುವುದಿಲ್ಲ, ಊಟವನ್ನೂ ಹಾಕುತ್ತಾರೆ.