ಕ್ರೀಟ್ ದ್ವೀಪದ ಚಳಿಗಾಲ: ಗ್ಯಾಸ್, ಎಣ್ಣೆ, ಸೌದೆ, ಏಸಿ ಎಲ್ಲಾ ಬಳಸಿ ನೋಡಿದ್ಮೇಲೆ

ಗ್ರೀಸ್ ದೇಶದ ಕ್ರೀಟ್‌ನಲ್ಲಿ ನಮ್ಮ ಮೊದಲನೇ ಚಳಿಗಾಲ ಮುಗಿಯೋ ಹೊತ್ತಿಗೆ ನನ್ನ ಮದುವೆ ಸೀರೆ ಮೇಲೆ ಬೂಷ್ಟು ಬಂದಿತ್ತು. ಉತ್ತರದ ಗೋಡೆಗೆ ಅಂಟಿಸಿ ಇಟ್ಟಿದ್ದ ಬೀರು, ಅದರ ಹಿಂದೆ ಗೋಡೆ ಪೂರ್ತಿ ಕಪ್ಪು. ನಾನು ತೀರ್ಥಹಳ್ಳಿ ಕಡೆಯವಳು, ಬೂಷ್ಟು ನನಗೇನು ಹೊಸದಲ್ಲ, ಆದ್ರೆ ನಮ್ಮಲ್ಲಿ ಮಳೆಗಾಲದಲ್ಲಿ ಬಚ್ಚಲೊಲೆ ಇಡೀ ದಿನ ಉರೀತಿರುತ್ತೆ, ಅಡುಗೆಮನೆ ಅಟ್ಟ ಹೊಗೆಗೆ ಒಣಗಿರುತ್ತೆ, ಮಳೆ ಬಂದ್ರೂ ಮೈ ಕೊರೆಯೋ ಚಳಿ ಇರಲ್ಲ. ಇಲ್ಲಿ ಮಳೆ ಚಳಿ ಎರಡೂ ಒಟ್ಟಿಗೇ ಬರುತ್ತೆ, ಮನೇಲಿ ಬೆಂಕಿ ಇರಲ್ಲ.

ಅಂಕಿ ನೋಡಿದ್ರೆ ಏನು ಮಹಾ ಅನ್ಸುತ್ತೆ. ಇಲ್ಲಿನ ಹನಿಯಾ ಪಟ್ಟಣದಲ್ಲಿ ಜನವರಿ ಹಗಲು 14-15 ಡಿಗ್ರಿ, ರಾತ್ರಿ 8ರ ಆಸುಪಾಸು. ಆದ್ರೆ ಮನೆಗಳನ್ನ ಕಟ್ಟಿರೋದು ಬೇಸಿಗೆಗೆ, ನೆಲಕ್ಕೆ ಟೈಲ್ಸು ಇಲ್ಲಾ ಮಾರ್ಬಲ್ಲು, ಮೇಲೆ ಚಪ್ಪಟೆ ಕಾಂಕ್ರೀಟ್ ತಾರಸಿ, 1979ರಲ್ಲಿ ಇನ್ಸುಲೇಶನ್ (ಬಿಸಿ, ಚಳಿ ತಡೆಯೋ ಪದರ) ನಿಯಮ ಬರೋಕೆ ಮುಂಚೆ ಕಟ್ಟಿದ ಬಿಲ್ಡಿಂಗ್ ಆದ್ರಂತೂ ಗೋಡೆ ಒಳಗೆ ಏನೂ ಇರಲ್ಲ. ಡಿಸೆಂಬರಲ್ಲಿ ಹೊರಗೆ ಬಿಸಿಲಿಗೆ ನಿಂತ್ರೆ ಹಿತ, ಒಳಗೆ ಬಂದು ಸ್ವೆಟರ್ ಹಾಕ್ಕೋಬೇಕು. ಒಗೆದ ಟವೆಲ್ ಮೂರು ದಿನ ಆದ್ರೂ ಒಣಗಲ್ಲ. ಅದಕ್ಕೇ ನಾನು ಯಾವ ಹೀಟರ್ ಬಗ್ಗೆ ಹೇಳುವಾಗ್ಲೂ ಎರಡು ವಿಷಯ ನೋಡ್ತೀನಿ, ಬಿಸಿ ಎಷ್ಟು ಕೊಡುತ್ತೆ ಅಂತ ಒಂದು, ಮನೆ ಒಣಗಿಸುತ್ತಾ ಇಲ್ವಾ ಅಂತ ಇನ್ನೊಂದು.

ಮೊದಲು ತಗೊಂಡಿದ್ದು ಚಕ್ರ ಇರೋ ಗ್ಯಾಸ್ ಹೀಟರ್, ಹಿಂದೆ ಸಿಲಿಂಡರ್ ಕೂರಿಸೋದು, ಬಾಡಿಗೆ ಮನೆಗಳಲ್ಲಿ ಎಲ್ಲಾ ಕಡೆ ಕಾಣುತ್ತೆ. ಹೊತ್ತಿಸಿದ ಐದೇ ನಿಮಿಷಕ್ಕೆ ಮುಂದೆ ಕೂತವರಿಗೆ ಬೆಚ್ಚಗೆ, ಅದು ನಿಜ. ಆದ್ರೆ ಒಂದು ಕೆಜಿ ಗ್ಯಾಸ್ ಉರಿದ್ರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ರೂಮಿಗೇ ಬರುತ್ತೆ, ಹೊಗೆ ಕೊಳವೆ ಇಲ್ವಲ್ಲ, ಎಲ್ಲಿಗೆ ಹೋಗ್ಬೇಕು ಅದು? 10 ಕೆಜಿ ಸಿಲಿಂಡರ್ ನಮಗೆ ಹತ್ತು ದಿನ ಬರ್ತಿತ್ತು, ಅಂದ್ರೆ ಹತ್ತು ದಿನದಲ್ಲಿ ಒಂದು ಬಕೆಟ್ ನೀರನ್ನ ನಾವೇ ಗೋಡೆಗೆ ಎರಚಿದ ಹಾಗೆ. ನನ್ನ ಸೀರೆ ಹಾಳಾಗಿದ್ದು ಆ ವರ್ಷವೇ. ಅದೂ ಅಲ್ದೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಭಯ, ಕಿಟಕಿ ಸ್ವಲ್ಪ ತೆಗೆದೇ ಇರ್ಬೇಕು, ತೆಗೆದ್ರೆ ಬಿಸಿ ಹೊರಗೆ. ಮಲಗೋ ಕೋಣೇಲಿ ಇದನ್ನ ದಯವಿಟ್ಟು ಇಡ್ಬೇಡಿ.

ಎರಡನೇ ವರ್ಷ ಬೇರೆ ಫ್ಲಾಟು, ಅಲ್ಲಿ ಕಲೊರಿಫೇರ್ ಇತ್ತು, ಅಂದ್ರೆ ನೆಲಮಾಳಿಗೇಲಿ ಬಾಯ್ಲರ್, ಪ್ರತಿ ರೂಮಿಗೂ ರೇಡಿಯೇಟರ್. ಉರಿಸೋದು ಹೀಟಿಂಗ್ ಡೀಸೆಲ್, ಇದಕ್ಕೆ ಕೆಂಪು ಬಣ್ಣ ಹಾಕಿರ್ತಾರೆ, ಮಾರಾಟ ಅಕ್ಟೋಬರ್ 15ರಿಂದ ಏಪ್ರಿಲ್ 30ರ ತನಕ ಮಾತ್ರ. ಸುಖದ ವಿಷಯಕ್ಕೆ ಬಂದ್ರೆ ಇದಕ್ಕೆ ಸಮ ಇಲ್ಲ, ಬಚ್ಚಲುಮನೆ ಕೂಡ ಬೆಚ್ಚಗೆ, ರೇಡಿಯೇಟರ್ ಮೇಲೆ ಬಟ್ಟೆ ಒಂದೇ ರಾತ್ರಿಗೆ ಗರಿಗರಿ. ತೊಂದರೆ ಏನಂದ್ರೆ ಸ್ವಿಚ್ ನಮ್ಮ ಕೈಲಿಲ್ಲ. ಯಾವ ಹೊತ್ತಿಗೆ ಹಾಕ್ಬೇಕು ಅಂತ ಇಡೀ ಬಿಲ್ಡಿಂಗ್ ಕೂತು ತೀರ್ಮಾನ ಮಾಡುತ್ತೆ, ಖರ್ಚು ಕಿನೋಕ್ರಿಸ್ತಾ ಅನ್ನೋ ಮೇಂಟೆನೆನ್ಸ್ ಲೆಕ್ಕದಲ್ಲಿ ಹಂಚಿಕೆ ಆಗುತ್ತೆ. 2012ರಲ್ಲಿ ಈ ಎಣ್ಣೆ ಮೇಲಿನ ತೆರಿಗೆ ಜೋರಾಗಿ ಏರಿಸಿದ್ಮೇಲೆ ಎಷ್ಟೋ ಬಿಲ್ಡಿಂಗುಗಳಲ್ಲಿ ಬಾಯ್ಲರ್ ನಿಂತೇ ಹೋಯ್ತು, ಪೆನ್ಷನ್ ಕಡಿತ ಆದ ವಯಸ್ಸಾದವರು ಎಲ್ಲಿಂದ ಕೊಡ್ತಾರೆ. ನಮ್ಮಲ್ಲೂ ಮೊದಲ ಚಳಿಗಾಲ ಸಂಜೆ ಮೂರು ಗಂಟೆ ಹೊತ್ತು ಹಾಕ್ತಿದ್ರು, ಆಮೇಲೆ ಎರಡು, ನಾಲ್ಕನೇ ವರ್ಷ ಟ್ಯಾಂಕೇ ತುಂಬಿಸ್ಲಿಲ್ಲ. ಯಾರ ಮೇಲೂ ನನಗೆ ಸಿಟ್ಟಿಲ್ಲ, ಕೆಳಗಿನ ಮನೆ ಅಜ್ಜ ಓವರ್‌ಕೋಟ್ ಹಾಕ್ಕೊಂಡೇ ಟಿವಿ ನೋಡ್ತಿದ್ದದ್ದು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆಮೇಲೆ ವಾಮೋಸ್ ಹತ್ರದ ಹಳ್ಳಿಗೆ ಬಂದ್ವಿ, ಹಳೇ ಕಲ್ಲಿನ ಮನೆ, ಕಿಟಕಿ ತೆಗೆದ್ರೆ ಲೆಫ್ಕಾ ಓರಿ ಬೆಟ್ಟದ ಹಿಮ. ಇಲ್ಲಿ ಎಲ್ಲರ ಮನೇಲೂ ಕ್ಸಿಲೋಸೋಂಬಾ, ಸೌದೆ ಒಲೆ, ಕಬ್ಬಿಣದ್ದು, ತಗಡಿನ ಹೊಗೆ ಕೊಳವೆ ರೂಮಿನ ಉದ್ದಕ್ಕೂ ಹಾದು ಗೋಡೆ ತೂತಿಂದ ಹೊರಗೆ ಹೋಗುತ್ತೆ, ಆ ಕೊಳವೆಯೇ ಅರ್ಧ ಬಿಸಿ ಕೊಡುತ್ತೆ. ಸೌದೆ ಅಂದ್ರೆ ಆಲಿವ್ ಮರದ್ದು, ನವೆಂಬರಿಂದ ಕಾಯಿ ಬಿಡಿಸುವಾಗ, ಆಮೇಲೆ ಮರ ಸವರುವಾಗ ಕಡಿದದ್ದು, ಕಲ್ಲಿನಷ್ಟು ಭಾರ, ನಿಧಾನಕ್ಕೆ ಉರಿಯುತ್ತೆ. ಮೊದಲ ವರ್ಷ ಅಕ್ಟೋಬರಲ್ಲಿ ಎರಡು ಟನ್ ತರಿಸಿದ್ವಿ, ಹೊಗೆಯೋ ಹೊಗೆ, ಗಾಜು ಕಪ್ಪು. ಪಕ್ಕದ ಮನೆ ಅಜ್ಜಿ ಬಂದು ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿದ್ರು, ದೊಪ್ ಅಂತು. "ಕೋರಿ ಮು, ಇದು ಹಸಿ" ಅಂದ್ರು, ಕೋರಿ ಮು ಅಂದ್ರೆ ನನ್ನ ಮಗಳೇ ಅಂತ. ಅವರ ರಾಶಿಯಿಂದ ಎರಡು ತಂದು ಬಡಿದು ತೋರ್ಸಿದ್ರು, ಠಣ್ ಅಂತ ಗಂಟೆ ಹೊಡೆದ ಹಾಗೆ. "ಕಿರಿಯಾ (ಅಂದ್ರೆ ಅಮ್ಮಾವ್ರೇ), ಎಷ್ಟು ದಿನ ಒಣಗಿಸ್ಬೇಕು?" ಅಂತ ಕೇಳಿದೆ, ಎರಡು ಬೇಸಿಗೆ ಅಂದ್ರು. ಆವತ್ತಿಂದ ನಾನು ಬಡಿದು ನೋಡದೆ ಸೌದೆ ತಗೊಂಡಿಲ್ಲ.

ಒಣ ಸೌದೆ ಸಿಕ್ಕಿದ್ಮೇಲೆ ಗೊತ್ತಾಯ್ತು ಹಳ್ಳಿಯವರು ಯಾಕೆ ಇದನ್ನ ಬಿಡಲ್ಲ ಅಂತ. ಒಲೆ ಕೋಣೆಯ ಗಾಳಿಯನ್ನ ಎಳ್ಕೊಂಡು ಕೊಳವೆಯಿಂದ ಹೊರಗೆ ಕಳಿಸುತ್ತೆ, ಅದರ ಜತೆ ತೇವವೂ ಹೋಗುತ್ತೆ, ಕಲ್ಲಿನ ಗೋಡೆ ಬಿಸಿ ಹಿಡ್ಕೊಳ್ಳುತ್ತೆ, ರಾತ್ರಿ ಹನ್ನೊಂದಕ್ಕೆ ಬೆಂಕಿ ಆರಿದ್ರೂ ಬೆಳಗ್ಗೆ ಆರಕ್ಕೆ ಕೈಯಿಟ್ರೆ ಇನ್ನೂ ಬೆಚ್ಚಗಿರುತ್ತೆ. ಬೂದೀಲಿ ಆಲೂಗಡ್ಡೆ ಹುಗಿದಿಟ್ರೆ ಓಫ್ತೆಸ್ ಪತಾತೆಸ್, ನಾವು ಗೆಣಸು ಸುಡ್ತಿದ್ವಲ್ಲ ಹಾಗೇ. ಮತ್ತೆ ನನಗೆ ಮುಖ್ಯವಾದ್ದು ದೋಸೆ ಹಿಟ್ಟು: ಫ್ಲಾಟಲ್ಲಿ ಎರಡು ದಿನ ಇಟ್ರೂ ಉಬ್ಬದೇ ಇದ್ದ ಹಿಟ್ಟು, ಒಲೆಯಿಂದ ಒಂದು ಮಾರು ದೂರ ಸ್ಟೂಲ್ ಮೇಲಿಟ್ರೆ ಬೆಳಗ್ಗೆಗೆ ಪಾತ್ರೆ ತುಂಬಿ ಬಂದಿರುತ್ತೆ.

ಕಷ್ಟಾನೂ ಹೇಳ್ಬೇಕು. ಕಳೆದ ಚಳಿಗಾಲಕ್ಕೆ ಎರಡೂವರೆ ಟನ್, ಟನ್ನಿಗೆ 180 ಯೂರೊ ಕೊಟ್ವಿ. ಹೊರೋದು, ಜೋಡಿಸೋದು, ದಿನಾ ಬೂದಿ ತೆಗೆಯೋದು, ವರ್ಷಕ್ಕೊಂದು ಸಲ ಕೊಳವೆ ಬಿಚ್ಚಿ ಮಸಿ ಕೆರೆಯೋದು, ನನ್ನ ಗಂಡನಿಗೆ ಸೊಂಟನೋವು ಬಂದ ವರ್ಷ ತುಂಬಾ ಒದ್ದಾಡಿದ್ವಿ. ಆಫ್ರಿಕಾ ಕಡೆಯಿಂದ ದಕ್ಷಿಣದ ಗಾಳಿ ಜೋರಾಗಿ ಬೀಸಿದ ದಿನ ಹೊಗೆ ವಾಪಸ್ ಮನೆಯೊಳಗೇ ನುಗ್ಗುತ್ತೆ, ಅವತ್ತು ಒಲೆ ಹಚ್ಚೋ ಹಾಗೇ ಇಲ್ಲ. ಸೌದೆ ಬದಲು ಪಿರಿನೋಕ್ಸಿಲೊ ಕೂಡ ನೋಡಿದ್ವಿ, ಆಲಿವ್ ಎಣ್ಣೆ ತೆಗೆದ್ಮೇಲೆ ಉಳಿಯೋ ಬೀಜ ಸಿಪ್ಪೆ, ನಮ್ಮಲ್ಲಿ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಹಾಕಿದ ಹಾಗೆ. ಅಗ್ಗ, ಆದ್ರೆ ಜಿಡ್ಡು ವಾಸನೆ, ಒಂದು ತಿಂಗಳಿಗೇ ಬಿಟ್ವಿ.

ಇನ್ನು ಏಸಿ. ಬೇಸಿಗೆಗೆ ಅಂತ ಹಾಕಿಸಿದ್ದು, ಇನ್ವರ್ಟರ್ ಏಸಿ (ಬ್ಯಾಟರಿ ಇನ್ವರ್ಟರ್ ಅಲ್ಲ), ಚಳಿಗಾಲಕ್ಕೆ ಬಿಸಿಗಾಳಿ ಮೋಡ್. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿಗೂ ಮೇಲೆ ಬಿಸಿ ಕೊಡುತ್ತೆ, ಯಾಕಂದ್ರೆ ಬಿಸಿ ಹುಟ್ಟಿಸಲ್ಲ, ಹೊರಗಿನ ಗಾಳಿಯಿಂದ ಎತ್ಕೊಂಡು ಬರುತ್ತೆ, ಕ್ರೀಟ್ ಕರಾವಳಿಯ ಹೊರಗಾಳಿ ಅಷ್ಟೇನೂ ತಣ್ಣಗಿರಲ್ಲ ಆದ್ದರಿಂದ ಈ ಕೆಲಸಕ್ಕೆ ಹೇಳಿ ಮಾಡ್ಸಿದ ಹಾಗಿದೆ. ನಮಗೆ ಚಳಿ ತಿಂಗಳಲ್ಲಿ ಬಿಲ್ 40-45 ಯೂರೊ ಜಾಸ್ತಿ ಬರುತ್ತೆ, ನಾಲ್ಕರಲ್ಲಿ ಇದೇ ಅಗ್ಗ. ಆದ್ರೆ ಬಿಸಿ ಮೇಲ್ಗಡೆ, ಕಾಲು ತಣ್ಣಗೆ, ಆಫ್ ಮಾಡಿದ ಅರ್ಧ ಗಂಟೆಗೆ ರೂಮು ಮೊದಲಿನ ಹಾಗೆ, ಗೋಡೆ ಬೆಚ್ಚಗಾಗೋದೇ ಇಲ್ಲ. ಬಿರುಗಾಳಿ ರಾತ್ರಿ ಹಳ್ಳೀಲಿ ಕರೆಂಟ್ ಹೋಯ್ತಂದ್ರೆ ಏನೂ ಇಲ್ಲ, ಅದೇ ರಾತ್ರಿ ಬಿಸಿ ಬೇಕಾಗಿರೋದು. ಏಸಿ ತೇವವನ್ನೂ ಹೊರಗೆ ಕಳಿಸಲ್ಲ, ಅದಕ್ಕೆ ಗಾಳಿಯ ತೇವ ಹೀರೋ ಡಿಹ್ಯುಮಿಡಿಫೈಯರ್ ಬೇರೇನೇ ತಗೊಂಡ್ವಿ, ಮೊದಲ ದಿನ ಅದರ ಡಬ್ಬೀಲಿ ನಾಲ್ಕು ಲೀಟರ್ ನೀರು ನೋಡಿ ನಾವಿಬ್ರೂ ಮಾತೇ ಆಡ್ಲಿಲ್ಲ. ಪೇಟೆ ಫ್ಲಾಟಲ್ಲಿರೋರಿಗೆ, ಒಂದೆರಡು ವರ್ಷಕ್ಕೆ ಬಂದಿರೋರಿಗೆ ಈ ಜೋಡಿಯೇ ಸಾಕು, ಗ್ಯಾಸ್ ಹೀಟರಿಗೆ ದುಡ್ಡು ಹಾಕ್ಬೇಡಿ.

ನಾವೀಗ ಮಾಡೋದು ಹೀಗೆ: ಬೆಳಗ್ಗೆ ಒಂದು ಗಂಟೆ ಏಸಿ, ಸಂಜೆ ಐದರಿಂದ ಒಲೆ, ಮಲಗೋ ಕೋಣೇಲಿ ಡಿಹ್ಯುಮಿಡಿಫೈಯರ್. ಜನವರಿ ಹೊತ್ತಿಗೆ ಗಾಳಿ ನಿಂತು ಬಿಸಿಲು ಬೀಳೋ ದಿನಗಳು ಬರ್ತವೆ, ಅಲ್ಕಿಯೋನಿದೆಸ್ ಅಂತಾರೆ, ಆಗ ಎಲ್ಲಾ ಕಿಟಕಿ ತೆಗೆದು ಹಾಸಿಗೆ ತಾರಸಿಗೆ.

ಮನೆ ನೋಡೋಕೆ ಹೋಗ್ತಿದ್ರೆ ಬಾಲ್ಕನಿ ಆಮೇಲೆ ನೋಡಿ, ಮೊದಲು ಉತ್ತರದ ಗೋಡೆ ಕಡೆ ಬೀರು ಸರಿಸಿ ಹಿಂದೆ ನೋಡಿ, ಹೊಸದಾಗಿ ಸುಣ್ಣ ಹೊಡೆದಿದ್ರೆ ಮೂಸಿ ನೋಡಿ. ಒಲೆ ಇರೋ ಮನೆ ಸಿಕ್ತಂದ್ರೆ ಸೌದೆಗೆ ಮೇ ತಿಂಗಳಲ್ಲೇ ಹೇಳಿಡಿ.