ಹಳೆಯ ನೆಟ್‌ಬುಕ್‌ನಲ್ಲಿ ಆ್ಯಂಟಿಎಕ್ಸ್ ಲಿನಕ್ಸ್: ಎರಡು ಮಳೆಗಾಲ ಬಳಸಿದ ಮೇಲೆ

ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ತಿರುಗಿದರೆ ಸಿಗುವ ನಮ್ಮ ಮನೆಯ ಅಟ್ಟದಲ್ಲಿ, 2009ರಲ್ಲಿ ಕೊಂಡ ಹತ್ತಿಂಚಿನ ನೆಟ್‌ಬುಕ್ ಬಹಳ ವರ್ಷ ಸುಮ್ಮನೆ ಬಿದ್ದಿತ್ತು. ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು. ಬ್ಯಾಟರಿ ಅದಕ್ಕೂ ಮೊದಲೇ ಸತ್ತಿದ್ದರಿಂದ ಅದನ್ನು ಕಳಚಿ ಎಸೆದಿದ್ದೆವು. 2023ರ ಡಿಸೆಂಬರಿನಲ್ಲಿ ಅಡಿಕೆಯ ಕೊನೆಕೊಯ್ಲಿನ ಲೆಕ್ಕವನ್ನು ಪುಸ್ತಕದ ಬದಲು ಗಣಕದಲ್ಲಿ ಇಡಬೇಕೆನ್ನಿಸಿದಾಗ, ಹೊಸ ಲ್ಯಾಪ್‌ಟಾಪಿಗೆ ಹಣ ಹಾಕುವ ಮನಸ್ಸಿಲ್ಲದೆ, ಈ ಯಂತ್ರಕ್ಕೆ ವಿಂಡೋಸ್ ಬದಲು, ಹಳೆಯ ಗಣಕಗಳಲ್ಲೂ ಓಡುವ ಹಗುರ ಲಿನಕ್ಸ್ ಆದ ಆ್ಯಂಟಿಎಕ್ಸ್ 23 ಹಾಕಿದೆ. 1 ಜಿಬಿ ಮೆಮೊರಿಯನ್ನು ಈ ಯಂತ್ರದ ಮಿತಿಯಾದ 2 ಜಿಬಿಗೆ ಏರಿಸಲು ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಟ್ಟ 350 ರೂಪಾಯಿಯೇ ಅಂದಿನ ಒಟ್ಟು ಖರ್ಚು.

ಸ್ಥಾಪನೆಯ ವಿವರ ಬೇರೆಡೆ ಬೇಕಾದಷ್ಟು ಸಿಗುತ್ತದೆ. ನಾನು ಮಾಡಿದ ಒಂದು ತಪ್ಪನ್ನು ಮಾತ್ರ ಹೇಳುತ್ತೇನೆ: ಆ್ಯಟಮ್ ಎನ್270 ಪ್ರೊಸೆಸರ್ 32 ಬಿಟ್‌ನದು ಎಂಬುದನ್ನು ನೋಡದೆ, ಒಂದು ಇಡೀ ರಾತ್ರಿ ಮೊಬೈಲ್ ನೆಟ್‌ನಲ್ಲಿ 64 ಬಿಟ್‌ನ ಆವೃತ್ತಿಯನ್ನು ಇಳಿಸಿಕೊಂಡೆ, ಬೆಳಿಗ್ಗೆ ಪೆನ್‌ಡ್ರೈವ್ ಸಿಕ್ಕಿಸಿದಾಗ ಯಂತ್ರವು ತನಗೆ ಅದು ಹೊಂದುವುದಿಲ್ಲವೆಂದು ಒಂದೇ ಸಾಲಿನಲ್ಲಿ ತಿಳಿಸಿ ನಿಂತುಬಿಟ್ಟಿತು. ವೈಫೈ ಚಿಪ್ಪನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು ಎಂಬ ಪೇಚು ಬಂದರೆ, ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಮಾಡಿದರೆ, ಅಂದರೆ ಫೋನಿನ ನೆಟ್ಟನ್ನು ಗಣಕಕ್ಕೆ ಹಂಚಿದರೆ, ಸಾಕು.

ಬೇಸಿಗೆ ಕಳೆಯುವವರೆಗೆ ನನ್ನದು ಬರೀ ಹೊಗಳಿಕೆಯೇ ಆಗಿತ್ತು. ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ ಕಷಾಯದ ಲೋಟ ಹಿಡಿದು ಬರುವಷ್ಟರಲ್ಲಿ ಪರದೆ ಸಿದ್ಧವಾಗಿರುತ್ತಿತ್ತು. ಕೊನೆಗೌಡನ ಕೂಲಿ, ಅಡಿಕೆ ಸುಲಿದವರ ಲೆಕ್ಕ, ಚಾಲಿ ಎಷ್ಟು ಚೀಲ ಎಂಬುದನ್ನೆಲ್ಲ ನ್ಯೂಮೆರಿಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶದಲ್ಲಿ ತುಂಬುತ್ತಿದ್ದೆ. ಕನ್ನಡಕ್ಕೆ ಬೇರೆ ತಂತ್ರಾಂಶ ಬೇಕಾಗಲಿಲ್ಲ. ಕೀಲಿಮಣೆಯ ಆಯ್ಕೆಗಳಲ್ಲೇ ಕಗಪ ವಿನ್ಯಾಸವಿದೆ, ಗುಬ್ಬಿ ಮತ್ತು ನವಿಲು ಎಂಬ ಫಾಂಟುಗಳನ್ನು, ಆ್ಯಂಟಿಎಕ್ಸ್‌ಗೆ ಆಧಾರವಾದ ಡೆಬಿಯನ್ ಲಿನಕ್ಸಿನ ತಂತ್ರಾಂಶ ಭಂಡಾರದಿಂದಲೇ ಹಾಕಿಕೊಳ್ಳಬಹುದು. ಪರದೆಯ ಎತ್ತರ 600 ಪಿಕ್ಸೆಲ್ ಮಾತ್ರವಾದ್ದರಿಂದ ಕೆಲವು ಕಿಟಕಿಗಳ ಕೆಳಗಿನ ಗುಂಡಿಗಳು ಪರದೆಯಾಚೆ ಉಳಿಯುತ್ತವೆ; ಆಲ್ಟ್ ಕೀಲಿ ಒತ್ತಿ ಹಿಡಿದು ಮೌಸಿನಿಂದ ಕಿಟಕಿಯನ್ನು ಮೇಲಕ್ಕೆ ಎಳೆಯುವುದು ಕೈಗೆ ಅಭ್ಯಾಸವಾಯಿತು. ಇನ್ನಷ್ಟು ಜಾಗ ಸಿಗಲೆಂದು ಕೆಳಪಟ್ಟಿಯನ್ನು ತಾನಾಗಿ ಅಡಗುವಂತೆ ಮಾಡಿದೆ. ಈ ಜಾಣತನಕ್ಕೆ ಮುಂದೆ ದಂಡ ತೆತ್ತೆ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ನಮ್ಮಲ್ಲಿ ಜಡಿಮಳೆ ಎಂದರೆ ಕರೆಂಟು ಹೋಯಿತು ಎಂದೇ ಅರ್ಥ, ಮತ್ತು ಕರೆಂಟು ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಟವರೂ ಕಣ್ಣು ಮುಚ್ಚುತ್ತದೆ. ಎರಡೂ ಮರಳಿ ಬಂದ ಮೇಲೆ ನೆಟ್‌ಬುಕ್ ಹಚ್ಚಿದರೆ ಒಂದು ಜಾಲತಾಣವೂ ತೆರೆಯುತ್ತಿರಲಿಲ್ಲ. ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆಯೊಂದೇ ಎಲ್ಲೆಡೆ ಎದುರಾಗುತ್ತಿತ್ತು. ಫೋನಿನಲ್ಲಿ ಅವೇ ತಾಣಗಳು ತೆರೆಯುತ್ತಿದ್ದವು. ಮೊದಲು ನೆಟ್‌ವರ್ಕನ್ನು ಬೈದೆ, ಆಮೇಲೆ ವೈಫೈ ಚಾಲಕವನ್ನು, ಕೊನೆಗೆ ಲಿನಕ್ಸನ್ನೇ ಬೈದೆ. ಬ್ರೌಸರನ್ನು ಎರಡು ಸಲ ತೆಗೆದುಹಾಕಿ ಮತ್ತೆ ಹಾಕಿದೆ. ಕೊಳೆಮದ್ದಿಗೆ ತಂದ ಮೈಲುತುತ್ತ ಮತ್ತು ಸುಣ್ಣದ ಲೆಕ್ಕ ಬರೆದಿಟ್ಟ ಕಡತ ಮರುದಿನ ಹುಡುಕಿದರೆ ಕಾಣುತ್ತಿರಲಿಲ್ಲ; ಹೊಸತು ಮೇಲೆ ಬರುವಂತೆ ಜೋಡಿಸಿದ್ದರೂ ಅದು ಪಟ್ಟಿಯ ತಳದಲ್ಲಿ ಹೋಗಿ ಕೂತಿರುತ್ತಿತ್ತು. ಈ ವಿಮರ್ಶೆಯನ್ನು ಆ ತಿಂಗಳು ಬರೆದಿದ್ದರೆ, ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುವ ಗೋಜಿಗೆ ಹೋಗಬೇಡಿ ಎಂದೇ ಬರೆಯುತ್ತಿದ್ದೆ.

ಜುಲೈ ನಡುವಿನಲ್ಲಿ ಒಂದು ಸಂಜೆ ಆಜ್ಞೆ ಬರೆಯುವ ಟರ್ಮಿನಲ್ ತೆರೆದು ತಂತ್ರಾಂಶ ಪ್ಯಾಕೇಜುಗಳ ಪಟ್ಟಿಯನ್ನು ಹೊಸದಾಗಿಸಲು ಹೊರಟೆ. ಭಂಡಾರದ ಕಡತವು ಇನ್ನೂ ಮಾನ್ಯವಾಗಿಲ್ಲ, ಮಾನ್ಯವಾಗಲು 5,675 ದಿನ ಬಾಕಿ ಇದೆ ಎಂಬ ಉತ್ತರ ಬಂತು. ದಿನಗಳನ್ನು 365ರಿಂದ ಭಾಗಿಸಿದಾಗ ಹದಿನೈದೂವರೆ ವರ್ಷ ಸಿಕ್ಕಿತು. 2024ರ ಜುಲೈಯಿಂದ ಹದಿನೈದೂವರೆ ವರ್ಷ ಹಿಂದಕ್ಕೆ ಎಣಿಸಿದರೆ 2009ರ ಜನವರಿ. ಅಡಗಿದ್ದ ಕೆಳಪಟ್ಟಿಯನ್ನು ಎಬ್ಬಿಸಿ ಗಡಿಯಾರದ ಮೇಲೆ ಮೌಸ್ ಇಟ್ಟಾಗ ಯಂತ್ರ ನಿಜವಾಗಿಯೂ ಆ ವರ್ಷದಲ್ಲೇ ಇತ್ತು.

ಗಣಕ ಆಫ್ ಆಗಿದ್ದಾಗಲೂ ಸಮಯ ಎಣಿಸುವ ಚಿಪ್ಪಿಗೆ ಸಿಆರ್2032 ಎಂಬ ಗುಂಡನೆಯ ಸೆಲ್ಲು ಆಧಾರ. ಅದು ಸತ್ತಿತ್ತು. ಗೋಡೆಯ ಕರೆಂಟು ಇರುವವರೆಗೆ ಅಡಾಪ್ಟರಿನಿಂದ ಗಡಿಯಾರ ನಡೆಯುತ್ತಿತ್ತು, ಹಾಗಾಗಿ ಬೇಸಿಗೆಯಲ್ಲಿ ಕೊರತೆ ಕಾಣಲಿಲ್ಲ. ದೊಡ್ಡ ಬ್ಯಾಟರಿಯೂ ಇಲ್ಲದ ಯಂತ್ರದಲ್ಲಿ ಕರೆಂಟು ತಪ್ಪಿದ ಕೂಡಲೇ ದಿನಾಂಕವು, ಯಂತ್ರವನ್ನು ಎಬ್ಬಿಸುವ ಒಳ ತಂತ್ರಾಂಶವಾದ ಬಯಾಸ್‌ನ ಮೊದಲ ದಿನಕ್ಕೆ ಜಾರುತ್ತಿತ್ತು. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ ಮತ್ತು ಮುಗಿಯುವ ದಿನ ಎರಡೂ ಇರುವುದರಿಂದ, 2009ರಲ್ಲಿ ಕೂತ ಬ್ರೌಸರಿಗೆ 2024ರ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇರಲಿಲ್ಲ. ಸಮಯವನ್ನು ನೆಟ್‌ನಿಂದ ಹೊಂದಿಸಿಕೊಳ್ಳುವ ಎನ್‌ಟಿಪಿ ಸೇವೆಯನ್ನು ಹಾಕದೆ ಬಿಟ್ಟವನು ನಾನೇ. ಯಂತ್ರವಂತೂ ಪ್ರತಿ ಬಾರಿ ಶುರುವಾಗುವಾಗಲೂ, ಡಿಸ್ಕನ್ನು ಕೊನೆಯ ಸಲ ಬಳಸಿದ ಸಮಯ ಭವಿಷ್ಯದಲ್ಲಿದೆ ಎಂದು ಬಿಳಿ ಅಕ್ಷರಗಳಲ್ಲಿ ಹೇಳುತ್ತಲೇ ಇತ್ತು. ಆಗ ನಾನು ಕಷಾಯ ತರಲು ಹೋಗಿರುತ್ತಿದ್ದೆ. ಬ್ರೌಸರಿನ ಎಚ್ಚರಿಕೆಯಲ್ಲೂ ಗಣಕದ ದಿನಾಂಕ ಸರಿಯಿದೆಯೇ ನೋಡಿ ಎಂಬ ಸಾಲಿತ್ತು, ಆದರೆ ಅದು 600 ಪಿಕ್ಸೆಲ್‌ಗಳ ಕೆಳಗೆ ಉಳಿದಿತ್ತು.

ಪೇಟೆಯ ಗಡಿಯಾರ ರಿಪೇರಿ ಅಂಗಡಿಯಲ್ಲಿ 40 ರೂಪಾಯಿಗೆ ಸೆಲ್ಲು ಸಿಕ್ಕಿತು. ಅದನ್ನು ಕೂರಿಸಲು ಕೀಬೋರ್ಡ್ ಎಬ್ಬಿಸಬೇಕಾದ್ದರಿಂದ ಅರ್ಧ ದಿನ ಹಿಡಿಯಿತು. ಅದರ ಅಡಿಯ ಪಟ್ಟಿತಂತಿ ತೀರ ತೆಳುವಾಗಿದ್ದು, ಎಳೆದರೆ ಹರಿಯುತ್ತದೆ. ಬಿಚ್ಚಲು ಧೈರ್ಯ ಸಾಲದವರು ಫೇಕ್-ಎಚ್‌ಡಬ್ಲ್ಯುಕ್ಲಾಕ್ ಎಂಬ ಪುಟ್ಟ ಪ್ಯಾಕೇಜನ್ನು ಹಾಕಿಕೊಳ್ಳಬಹುದು. ಅದು ಆಗಾಗ ಸಮಯವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತದೆ. ಗಡಿಯಾರ ಕೆಲವು ಗಂಟೆ ಹಿಂದೆ ಬಿದ್ದರೂ ತಾಣಗಳು ತೆರೆಯುತ್ತವೆ, ನೆಟ್ ಸಿಕ್ಕ ಮೇಲೆ ಎನ್‌ಟಿಪಿ ಉಳಿದದ್ದನ್ನು ಸರಿಪಡಿಸುತ್ತದೆ. ನಾನು ಸೆಲ್ಲು ಹಾಕಿದ ಮೇಲೂ ಇವೆರಡನ್ನೂ ಇಟ್ಟುಕೊಂಡಿದ್ದೇನೆ. 2025ರ ಮಳೆಗಾಲ ಒಂದು ದಿನವೂ ತೊಂದರೆ ಕೊಡದೆ ದಾಟಿತು. ಬೂಸ್ಟು ಹಿಡಿಯದಿರಲೆಂದು ಅಮ್ಮ ರಾತ್ರಿ ನೆಟ್‌ಬುಕ್ಕನ್ನು ಹಲಸಿನ ಹಪ್ಪಳದ ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿ ಮಾಡುತ್ತಾಳೆ; ಬೆಳಿಗ್ಗೆ ತೆರೆದರೆ ಕೀಲಿಗಳಿಗೆ ಸಣ್ಣಗೆ ಹಿಂಗಿನ ವಾಸನೆ ಇರುತ್ತದೆ.

ವಿಡಿಯೊ ನೋಡುವವರಿಗೆ ಈ ಜೋಡಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಬ್ರೌಸರಿನಲ್ಲಿ ಮೂರನೆಯ ಟ್ಯಾಬ್ ತೆರೆಯುವಾಗಲೇ ಯಂತ್ರ ಏದುಸಿರು ಬಿಡುತ್ತದೆ. ಲೆಕ್ಕ, ಬರಹ, ಅಂಚೆಗಳಿಗೆ ಧಾರಾಳವಾಗಿ ಸಾಕು. ಆದರೆ 32 ಬಿಟ್‌ನ ನೆಲ ಕುಗ್ಗುತ್ತಿದೆ: 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ, ಫೈರ್‌ಫಾಕ್ಸ್ ಬ್ರೌಸರಿನ 144ನೆಯ ಆವೃತ್ತಿಯ ನಂತರ 32 ಬಿಟ್ ಲಿನಕ್ಸಿಗೆ ಸಾಮಾನ್ಯ ಆವೃತ್ತಿ ಬರುವುದು ನಿಂತಿದೆ. ದೀರ್ಘಾವಧಿ ಬೆಂಬಲದ 140ನೆಯ ಆವೃತ್ತಿಯೂ ನಿಂತ ದಿನ ವೈಫೈ ಆರಿಸಿ ಇದನ್ನು ಲೆಕ್ಕಕ್ಕೆ ಮಾತ್ರ ಬಳಸುವುದೆಂದು ತೀರ್ಮಾನಿಸಿದ್ದೇನೆ. ಆ್ಯಂಟಿಎಕ್ಸ್ 23ರ 32 ಬಿಟ್ ಆವೃತ್ತಿಯನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ತುಂಬಿ ಅದೇ ಡಬ್ಬಿಯ ತಳದಲ್ಲಿ ಇಟ್ಟಿದ್ದೇನೆ.