ಆನ್‌ಲೈನ್ ಸಿನಿಮಾ ಕೋರ್ಸ್: ಸೌಂಡ್ ಪಾಠಗಳಿಗೋಸ್ಕರವೇ ಸೇರಬಹುದು

ಸಿನಿಮಾ ತಂತ್ರಗಳು ನೋಡುವವರ ಮೇಲೆ ಹೇಗೆ ಕೆಲಸ ಮಾಡುತ್ತವೆ ಅನ್ನೋದರ ಬಗ್ಗೆ ಆರು ವಾರದ ಆನ್‌ಲೈನ್ ಕೋರ್ಸ್ ಒಂದಕ್ಕೆ ಸೇರಿದ್ದೆ. ಮೊನ್ನೆ ಮುಗಿಯಿತು. ನಾನು ಸಿನಿಮಾ ಮಾಡುವವನಲ್ಲ, ನೋಡುವವನು. ಒಂದು ದೃಶ್ಯಕ್ಕೆ ಗಂಟಲು ಕಟ್ಟುತ್ತದೆ, ಇನ್ನೊಂದರಲ್ಲಿ ಅದೇ ನಟ ಅಷ್ಟೇ ಅತ್ತರೂ ನಮಗೆ ಏನೂ ಆಗುವುದಿಲ್ಲ. ಯಾಕೆ? ಅದು ತಿಳಿಯಬೇಕಿತ್ತು.

ಮೊದಲ ವಾರ ಎಡಿಟಿಂಗ್. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಪ್ರಯೋಗದ ಬಗ್ಗೆ ನೀವೂ ಓದಿರಬಹುದು. ನಟನ ಒಂದೇ ಮುಖ, ಅದರ ಪಕ್ಕ ಒಮ್ಮೆ ಸೂಪ್ ಬಟ್ಟಲು, ಒಮ್ಮೆ ಶವಪೆಟ್ಟಿಗೆ. ಮುಖ ಬದಲಾಗದಿದ್ದರೂ ಜನಕ್ಕೆ ಅದರಲ್ಲಿ ಹಸಿವು ಕಾಣುತ್ತದೆ, ದುಃಖ ಕಾಣುತ್ತದೆ. ಓದಿದಾಗ ‘ಹೌದಾ’ ಅಂತ ಮುಂದೆ ಹೋಗಿಬಿಡುತ್ತೇವೆ. ಇವರು ಹಾಗೆ ಬಿಡಲಿಲ್ಲ, ನೀವೇ ಮಾಡಿ ನೋಡಿ ಅಂದರು. ಮನಸ್ಸಿನಲ್ಲೇ ಒಂದರಿಂದ ಇಪ್ಪತ್ತು ಎಣಿಸುತ್ತಾ ನನ್ನ ಮುಖವನ್ನು ಫೋನಿನಲ್ಲಿ ಶೂಟ್ ಮಾಡಿದೆ. ಅದನ್ನೇ ಒಮ್ಮೆ ಖಾಲಿ ಕುರ್ಚಿಯ ಶಾಟ್ ಜೊತೆ, ಇನ್ನೊಮ್ಮೆ ರಿಂಗಾಗುತ್ತಿರುವ ಫೋನಿನ ಶಾಟ್ ಜೊತೆ ಜೋಡಿಸಿ ತಂಗಿಗೆ ತೋರಿಸಿದೆ. ಮೊದಲನೆಯದಕ್ಕೆ ‘ಯಾರನ್ನೋ ನೆನೆಸಿಕೊಳ್ತಿದ್ದೀಯ ಅಲ್ವಾ’ ಅಂದಳು. ಎರಡನೆಯದಕ್ಕೆ ‘ಯಾಕೆ ಇಷ್ಟು ಹೆದರಿದ್ದೀಯ, ಯಾರ ಫೋನು ಅದು’ ಅಂತ ಕೇಳಿದಳು. ನಾನು ಸುಮ್ನೆ ಎಣಿಸುತ್ತಿದ್ದೆ ಅಷ್ಟೇ! ಆ ಕ್ಷಣಕ್ಕೇ ನನ್ನ ದುಡ್ಡು ವಸೂಲಾಯಿತು ಅನ್ನಿಸಿತು.

ಎರಡನೇ ವಾರದ ಪತ್ರದ ದೃಶ್ಯವೂ ಚೆನ್ನಾಗಿತ್ತು. ಒಬ್ಬ ಮೇಜಿನ ಮುಂದೆ ಕೂತು ಲಕೋಟೆ ಒಡೆಯುತ್ತಾನೆ, ಅಷ್ಟೇ ಕಥೆ. ಒಂದು ಆವೃತ್ತಿಯಲ್ಲಿ ಪತ್ರದಲ್ಲಿ ಏನಿದೆ ಅಂತ ಅವನಿಗೂ ನಮಗೂ ಒಟ್ಟಿಗೇ ಗೊತ್ತಾಗುತ್ತದೆ. ಇನ್ನೊಂದರಲ್ಲಿ ನಮಗೆ ಮೊದಲೇ ತೋರಿಸಿಬಿಡುತ್ತಾರೆ. ಆಮೇಲೆ ಅವನು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಳ್ಳುವಷ್ಟು ಹೊತ್ತು ನನ್ನ ಕೈ ಬಿಗಿಯಾಗಿತ್ತು. ಮೊದಲ ಆವೃತ್ತಿಯಲ್ಲಿ ಇದೇ ಕನ್ನಡಕ ಒರೆಸುವ ಶಾಟ್ ಬೋರ್ ಹೊಡೆಸಿತ್ತು.

ಈಗ ಸೌಂಡ್. ಮೂರನೇ ವಾರದ ಈ ಪಾಠಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. 1960ರ ‘ಸೈಕೋ’ದ ಶವರ್ ದೃಶ್ಯವನ್ನು ಸಂಗೀತ ತೆಗೆದು ಒಮ್ಮೆ, ಸಂಗೀತದ ಜೊತೆ ಒಮ್ಮೆ ಕೇಳಿಸಿದರು. ನಿರ್ದೇಶಕ ಹಿಚ್‌ಕಾಕ್‌ಗೆ ಅಲ್ಲಿ ಸಂಗೀತವೇ ಬೇಡವಾಗಿತ್ತಂತೆ. ಆದರೂ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೆದರು, ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಾಯಿಸಿದರು. ಬರೀ ನೀರಿನ ಸದ್ದು, ಚೀರಾಟ ಇದ್ದಾಗ ಪಕ್ಕದ ಕೋಣೆಯಲ್ಲಿ ಏನೋ ನಡೆಯುತ್ತಿದೆ ಅನ್ನಿಸುತ್ತದೆ. ಪಿಟೀಲು ಬಂದ ಕೂಡಲೇ ಅದು ನಮ್ಮ ಮೈಮೇಲೇ ಬರುತ್ತದೆ. ಚರ್ಮದ ಚೀಲದಲ್ಲಿ ಕಾರ್ನ್‌ಸ್ಟಾರ್ಚ್ ತುಂಬಿ ಹಿಂಡಿದರೆ ಹಿಮದ ಮೇಲೆ ನಡೆದ ಸದ್ದು, ಗ್ಲೌಸ್ ಒದರಿದರೆ ಹಕ್ಕಿಯ ರೆಕ್ಕೆ. ಚಿತ್ರಕ್ಕೆ ಬೇಕಾದ ಸದ್ದುಗಳನ್ನು ಹೀಗೆ ಬೇರೆಯಾಗಿ ಹುಟ್ಟಿಸುವ ಫೋಲಿ ಕಲಾವಿದರ ಈ ಕೆಲಸವನ್ನೂ ಮಾಡಿ ತೋರಿಸುತ್ತಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರೂಮ್ ಟೋನ್. ಯಾರೂ ಮಾತಾಡದಿದ್ದರೂ ಪ್ರತಿ ಕೋಣೆಗೆ ಅದರದೇ ಒಂದು ಸದ್ದು ಇರುತ್ತದೆ, ಅದಕ್ಕೇ ಶೂಟಿಂಗ್ ಜಾಗದಲ್ಲಿ ಎಲ್ಲರೂ ಸುಮ್ಮನೆ ನಿಂತು ಅದನ್ನು ಬೇರೆಯಾಗಿ ರೆಕಾರ್ಡ್ ಮಾಡುತ್ತಾರೆ, ಮಾತಿನ ನಡುವಿನ ಜಾಗಗಳಿಗೆ ಅದನ್ನು ತುಂಬುತ್ತಾರೆ. ಪಾಠದ ಮಧ್ಯೆ ಅದನ್ನು ಪೂರ್ತಿ ತೆಗೆದುಬಿಟ್ಟರು. ಚಿತ್ರ ಓಡುತ್ತಲೇ ಇತ್ತು, ನಟರು ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದರು, ನಾನು ಮಾತ್ರ ಹೆಡ್‌ಫೋನ್ ಕೆಟ್ಟಿತೇನೋ ಅಂತ ವೈರ್ ಅಲ್ಲಾಡಿಸಿ ನೋಡಿದೆ.

ಬೆಳಕಿನ ಪಾಠ ಪರವಾಗಿಲ್ಲ. 1956ರ ‘ಅಪರಾಜಿತೋ’ದಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲ್ಗಡೆ ಬಟ್ಟೆ ಕಟ್ಟಿ, ಅದಕ್ಕೆ ಲೈಟ್ ಹಾಯಿಸಿ, ಸೆಟ್ಟಿನೊಳಗೆ ಹಗಲಿನ ಮೆತ್ತನೆ ಬೆಳಕು ತಂದದ್ದನ್ನು ಹೇಳಿದರು. ಆದರೆ ನಮ್ಮ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಹೆಸರೇ ಬರಲಿಲ್ಲ, ಅದು ತುಂಬಾ ಬೇಜಾರಾಯಿತು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಅವರು ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಕತ್ತಲ ಸ್ಟುಡಿಯೋ ಒಳಗೆ ಬೀಳಿಸಿದ ಆ ಬೆಳಕಿನ ಕಂಬಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಕ್ಯಾಮೆರಾ ವಾರ ಮಾತ್ರ ಸಪ್ಪೆ. ಯಾವ ಲೆನ್ಸು, ಯಾವ ಸೆನ್ಸರು, ಬರೀ ಸಾಮಾನಿನ ಪಟ್ಟಿ. ಡಾಲಿ ಜೂಮ್ ಮಾಡುವುದು ಹೇಗೆ ಅಂತ ಹೇಳಿದರು, ಅದನ್ನು ನೋಡಿದರೆ ಹೊಟ್ಟೆಯೊಳಗೆ ಒಂಥರಾ ಯಾಕಾಗುತ್ತದೆ ಅಂತ ಹೇಳಲಿಲ್ಲ. ಕ್ಯಾಮೆರಾ ಒಂದು ಕಡೆ ಸರಿಯುತ್ತದೆ, ಜೂಮ್ ಅದಕ್ಕೆ ಎದುರು ಕೆಲಸ ಮಾಡುತ್ತದೆ. ಹಾಗಾಗಿ ಮುಖ ಇದ್ದಷ್ಟೇ ಇದ್ದು ಹಿಂದಿನ ಗೋಡೆ ದೂರ ಓಡುತ್ತದೆ. ನಮ್ಮ ಕಣ್ಣು ಬದುಕಿನಲ್ಲಿ ಯಾವತ್ತೂ ಹಾಗೆ ನೋಡಿರುವುದಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು.

ಇನ್ನೊಂದು ದೂರು: ನಾವು ಕಳಿಸಿದ ಅಭ್ಯಾಸಗಳಿಗೆ ಉತ್ತರ ಬರೋದು ತುಂಬಾ ತಡ. ಪತ್ರದ ದೃಶ್ಯದ ಅಭ್ಯಾಸಕ್ಕೆ ನನಗೆ ಉತ್ತರ ಬಂದದ್ದು ಐದನೇ ವಾರದಲ್ಲಿ, ಅದೂ ಎರಡೇ ಸಾಲು.

ಕ್ಯಾಮೆರಾ ಕೆಲಸ ಕಲಿಯೋಕೆ ಅಂತ ಸೇರಬೇಡಿ. ನನ್ನ ಹಾಗೆ ಸಿನಿಮಾ ಹುಚ್ಚಿದ್ದು, ಯಾಕೆ ಹಾಗನ್ನಿಸಿತು ಅಂತ ತಿಳಿಯುವ ಆಸೆ ಇದ್ದರೆ ಖಂಡಿತ ಸೇರಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಮೂರನೇ ವಾರವನ್ನು ಮಾತ್ರ ರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡೇ ನೋಡಿ. ಫೋನಿನ ಸ್ಪೀಕರ್‌ನಲ್ಲಿ ರೂಮ್ ಟೋನ್ ಕೇಳಿಸುವುದೇ ಇಲ್ಲ.